ಚಳಿಗಾಲದ ಜೀನ್ಸು ಮತ್ತು ಹೆಣ್ಣುಮಕ್ಕಳ ಜೇಬು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಉಣ್ಣುವುದು ನಮಗೆ ಒಗ್ಗಿದಂತೆ ಇರಲಿ, ಉಡುವುದು ನೋಡುವವರ ಕಣ್ಣಿಗೆ ಒಪ್ಪುವಂತಿರಲಿ ಎಂದು ಇದರ ಅಭಿಪ್ರಾಯ. ಬೇಸಗೆಯಲ್ಲಿ ಈ ಮಾತು ನಡೆದೀತು. ಚಳಿಗಾಲಕ್ಕೂ ಇದು ಸಲ್ಲುವುದೇ? ನಡುಕ ಬರುವುದು ಉಟ್ಟವರಿಗೆ, ನೋಡುವವರಿಗಲ್ಲವಷ್ಟೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಇಂದು ದೇಶವಿದೇಶಗಳ ಹೆಣ್ಣುಮಕ್ಕಳು ಚಳಿಯಲ್ಲಿ ತೊಡುವ ಡೆನಿಮ್ ಉಡುಪನ್ನು ಕುರಿತು ನಾಲ್ಕು ಮಾತು ಬರೆಯಲು ಹವಣಿಸಿದ್ದೇನೆ.

ವಿಷಯವು ಹಗುರವಾದುದೆಂದು ಗುರುಗಳು ಭಾವಿಸಬಾರದಾಗಿ ಬೇಡುತ್ತೇನೆ. ನಮ್ಮೂರು ಬಳ್ಳಾರಿ. ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಬಟ್ಟೆ ಕತ್ತರಿಸುವುದು ಒಂದೆಡೆ, ಹೊಲಿಯುವುದು ಓಣಿಯ ಮನೆಗಳಲ್ಲಿ, ಒಗೆದು ಬಣ್ಣ ತಿಳಿಗೊಳಿಸುವುದು ಮತ್ತೊಂದೆಡೆ. ನನ್ನ ತಾಯಿ ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಮನೆಯ ಪಡಸಾಲೆಯಲ್ಲಿ ಯಂತ್ರವಿಟ್ಟುಕೊಂಡು, ನಗಕ್ಕೆ ಇಷ್ಟೆಂದು ಕೂಲಿ ಪಡೆದು, ಜೀನ್ಸಿನ ಜೇಬುಗಳನ್ನು ಹೊಲಿಯುತ್ತಾಳೆ. ನನ್ನ ಪರೀಕ್ಷೆಯ ಶುಲ್ಕವೆಲ್ಲ ಆ ಜೇಬುಗಳಿಂದ ಬಂದುದು.

ಮೊದಲು ಹೆಸರಿನ ವಿಚಾರ. ಫ್ರಾನ್ಸ್ ದೇಶದ ನೀಮ್ ಪಟ್ಟಣದ 'ಸೆರ್ಜ್ ದ ನೀಮ್' ಎಂಬ ಬಟ್ಟೆಯಿಂದ 'ಡೆನಿಮ್' ಎಂಬ ಮಾತು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಟಲಿಯ ಜಿನೋವಾ ಬಂದರನ್ನು ಫ್ರೆಂಚರು 'ಝೆನ್' ಎನ್ನುತ್ತಾರೆ. ಅದರಿಂದ 'ಜೀನ್' ಆಯಿತು. ಇವೆರಡಕ್ಕೂ ನೆಂಟಸ್ತಿಕೆಯುಳ್ಳ 'ಡಂಗರಿ' ಎಂಬ ಒರಟು ಬಟ್ಟೆಯಾದರೋ ಮುಂಬಯಿಯ ಡೋಂಗ್ರಿಯಿಂದ ಹೆಸರು ಪಡೆದುದು. ಹೀಗೆ ಮೂರು ಹೆಸರುಗಳಲ್ಲಿ ಒಂದಕ್ಕೆ ನಮ್ಮ ದೇಶವೇ ತವರು.

ಇಂದಿನ ಜೀನ್ಸಿನ ಹುಟ್ಟು ಅಮೆರಿಕದಲ್ಲಿ. ನೆವಾಡ ಪ್ರಾಂತದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಕೂಲಿಗಾರರ ಷರಾಯಿಗಳ ಜೇಬು ಬಹುಬೇಗ ಹರಿಯುತ್ತಿದ್ದುದನ್ನು ಕಂಡು, ಜೇಬಿನ ಮೂಲೆಗಳಿಗೆ ತಾಮ್ರದ ಗುಬ್ಬಿಗಳನ್ನು ಬಡಿದು ಭದ್ರಪಡಿಸಿದನು. ಬಟ್ಟೆ ಒದಗಿಸುತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ವರ್ತಕ ಲೀವೈ ಸ್ಟ್ರಾಸ್‌ನೊಡನೆ ಸೇರಿ 1873ನೆಯ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಪೇಟೆಂಟಿನ ಶೀರ್ಷಿಕೆಯಲ್ಲಿ ಷರಾಯಿಯ ಮಾತಿಲ್ಲ, ಬಣ್ಣದ ಮಾತೂ ಇಲ್ಲ. 'ಜೇಬಿನ ಬಾಯಿಗಳನ್ನು ಭದ್ರಪಡಿಸುವ ಸುಧಾರಣೆ' ಎಂದಷ್ಟೇ ಅದರ ಅರ್ಥ. ಜೀನ್ಸಿನ ಚರಿತ್ರೆಯು ಜೇಬಿನಿಂದ ಆರಂಭವಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಹೆಂಗಸರಿಗೆಂದೇ ಅದೇ ಕಂಪನಿಯು ಜೀನ್ಸನ್ನು ಹೊರತಂದದ್ದು 1934ರಲ್ಲಿ, ಎಂದರೆ 61 ವರ್ಷಗಳ ಅನಂತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸ್ತ್ರೀಯರು ಕಾರ್ಖಾನೆಗಳಿಗೆ ಹೋಗಬೇಕಾದಾಗ ಡೆನಿಮ್ ಉಡುಪು ಅವರಲ್ಲಿ ಬಳಕೆಗೆ ಬಂದಿತು. ದುಡಿಮೆಯ ಬಟ್ಟೆಯಾಗಿದ್ದುದು ಕ್ರಮೇಣ ಷೋಕಿಯ ಬಟ್ಟೆಯಾಯಿತು.

ಇನ್ನು ಬಟ್ಟೆಯ ಗುಣ. ಡೆನಿಮ್ ಎಂಬುದು ಓರೆಗೆರೆಯ ಹತ್ತಿಯ ನೇಯ್ಗೆ. ಸಾಮಾನ್ಯವಾಗಿ ಹಾಸಿನ ನೂಲು ಮೂರು ಹೊಕ್ಕಿನ ಎಳೆಗಳ ಮೇಲೆ ಹಾದು ಒಂದರ ಕೆಳಗೆ ನುಸುಳುತ್ತದೆ. ಹಾಸು ನೀಲಿ, ಹೊಕ್ಕು ಬಿಳಿ. ಆದುದರಿಂದಲೇ ಜೀನ್ಸಿನ ಹೊರಮೈ ನೀಲಿಯಾಗಿ ಒಳಮೈ ಬಿಳುಪಾಗಿ ಕಾಣುವುದು. ನೀಲಿಯ ಬಣ್ಣವು ನೀರಿನಲ್ಲಿ ಕರಗದು. ರಾಸಾಯನಿಕ ಕ್ರಿಯೆಯಿಂದ ಅದನ್ನು ಕರಗುವ ಹಳದಿಹಸುರಿನ ರೂಪಕ್ಕೆ ತಂದು ನೂಲನ್ನು ಅದ್ದಿ ಮೇಲೆತ್ತುತ್ತಾರೆ. ಗಾಳಿ ತಾಗಿದೊಡನೆ ಮತ್ತೆ ನೀಲಿಯಾಗುತ್ತದೆ. ಬಣ್ಣವು ನೂಲಿನ ಹೊರಸುತ್ತಿಗೆ ಮಾತ್ರ ಹಿಡಿದು, ನಡುವಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಮೊಣಕಾಲು ಸವೆದಲ್ಲಿ ಬಿಳುಪು ಇಣುಕುವುದಕ್ಕೆ ಇದೇ ಕಾರಣ.

ಡೆನಿಮ್ಮನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ತೂಗುವುದು ವಾಡಿಕೆ. 8ರಿಂದ 10 ಔನ್ಸಿನದು ಬೇಸಗೆಗೆ ಹಗುರ. 12 ಔನ್ಸಿಗೆ ಮೇಲ್ಪಟ್ಟುದು ಚಳಿಗೆ ತಕ್ಕುದು. 14 ಔನ್ಸಿನ ಬಟ್ಟೆಯೆಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ಮಳೆಗಾಲ ಕಳೆಯುತ್ತಲೇ ಉತ್ತರದ ಪೇಟೆಗಳಿಗೆಂದು ದಪ್ಪ ಬಟ್ಟೆಯ ಕಟ್ಟು ನಮ್ಮ ಓಣಿಗೆ ಬರುತ್ತದೆ. "ಚಳಿ ಬಟ್ಟಿ ಬಂತಂದ್ರ ದಿನಾ ಎರಡು ಸೂಜಿ ಮುರೀತಾವ" ಎಂದು ತಾಯಿ ಹೇಳುವುದುಂಟು.

ಆದರೆ ತೂಕವೊಂದೇ ಸಾಲದು. ದೇಹದ ಶಾಖವನ್ನು ಕಾಪಾಡುವುದು ಬಟ್ಟೆಯೊಳಗೂ ಬಟ್ಟೆಗೂ ಮೈಗೂ ನಡುವೆಯೂ ನಿಂತ ಗಾಳಿ. ಕಾಲಿಗೆ ಅಂಟಿದಂತಿರುವ ಬಿಗಿ ಜೀನ್ಸಿನಲ್ಲಿ ಈ ಗಾಳಿಗೆ ಎಡೆಯೆಲ್ಲಿ? ಮೇಲಾಗಿ ಹತ್ತಿಯು ನೀರನ್ನು ಹೀರುತ್ತದೆ, ನಿಧಾನವಾಗಿ ಒಣಗುತ್ತದೆ. ಮಂಜಿನಲ್ಲೋ ಮಳೆಯಲ್ಲೋ ನೆನೆದ ಡೆನಿಮ್ ಮೈಯ ಬಿಸಿಯನ್ನು ಸೆಳೆದುಬಿಡುತ್ತದೆ. ಚಳಿಯನ್ನು ಬಲ್ಲ ನಾಡಿನವರು ಡೆನಿಮ್ಮನ್ನು ಒಂಟಿಯಾಗಿ ನಂಬುವುದಿಲ್ಲ. ಅಮೆರಿಕದ ದನಗಾಹಿಗಳ ಡೆನಿಮ್ ಕೋಟಿಗೆ ಕಂಬಳಿಯ ಅಸ್ತರು ಕೊಡುವ ಪದ್ಧತಿಯಿತ್ತು. ಇಂದು ಹುಡುಗಿಯರು ತೊಡುವ, ಒಳಗೆ ಕುರಿಯುಣ್ಣೆಯಂತಹ ನುಣುಪು ಬಟ್ಟೆಯುಳ್ಳ ಜಾಕೀಟು ಅದರ ಮೊಮ್ಮಗಳೇ ಸರಿ.

ಫ್ಯಾಷನ್ನು ಈ ತತ್ತ್ವವನ್ನು ಒಮ್ಮೆ ಮರೆಯುತ್ತದೆ, ಒಮ್ಮೆ ನೆನೆಯುತ್ತದೆ. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ವಿಜ್ಞಾನಿ ಹಿಗ್ಗುವ ಎಳೆಯೊಂದನ್ನು ಕಂಡುಹಿಡಿದನು. ಮುಂದೆ ಅದನ್ನು ಹತ್ತಿಯೊಡನೆ ಬೆರಸಿ ನೇಯ್ದುದರಿಂದ ಅತಿ ಬಿಗಿಯಾದ ಜೀನ್ಸು ಸಾಧ್ಯವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಅದರದೇ ದರ್ಬಾರು. ಅದಕ್ಕೆ ಚಳಿಯಲ್ಲಿ ಒಂದು ಅನುಕೂಲವುಂಟೆಂದು ಒಪ್ಪಬೇಕು: ಕಾಲಂಚನ್ನು ಎತ್ತರದ ಬೂಟಿನೊಳಗೆ ಸೇರಿಸಬಹುದು. ಕಳೆದ ಕೆಲವು ವರ್ಷಗಳಿಂದ ಅಗಲ ಕಾಲಿನ ಜೀನ್ಸು, ಪೀಪಾಯಿಯಂತೆ ನಡುವೆ ಉಬ್ಬಿದ ಜೀನ್ಸು, ಹಿಮ್ಮಡಿ ಮುಟ್ಟುವ ಡೆನಿಮ್ ಲಂಗ ಇವು ಮರಳಿ ಬಂದಿವೆ. ಒಳಗೆ ತೆಳ್ಳನೆಯ ಉಣ್ಣೆಯ ಷರಾಯಿ ತೊಡಲು ಇವುಗಳಲ್ಲಿ ಜಾಗವುಂಟು. ಚಳಿಗಾಲಕ್ಕೆ ಕಡುನೀಲಿ, ಕಪ್ಪು ಬಣ್ಣಗಳನ್ನು ಆರಿಸುವುದು ರೂಢಿ. ಇದರಿಂದ ತೊಡದವರಿಗೂ ಉಪಕಾರವಿದೆ. ಬಟ್ಟೆಯನ್ನು ಹಳೆಯದರಂತೆ ಕಾಣಿಸಲು ಮರಳನ್ನು ಎರಚುವ ವಿಧಾನದಿಂದ ಟರ್ಕಿ ದೇಶದ ಅನೇಕ ಕೆಲಸಗಾರರು ಶ್ವಾಸಕೋಶದ ಸಿಲಿಕೋಸಿಸ್ ರೋಗಕ್ಕೆ ತುತ್ತಾದರು. 2009ರಲ್ಲಿ ಅಲ್ಲಿಯ ಸರಕಾರ ಅದನ್ನು ನಿಷೇಧಿಸಬೇಕಾಯಿತು. ಕಡುಬಣ್ಣದ ಬಟ್ಟೆಗೆ ಅಂತಹ ಸವೆತದ ಹಂಗು ಕಡಿಮೆ.

ಇಷ್ಟನ್ನು ಪುಸ್ತಕಗಳಿಂದಲೂ ತಾಯಿಯ ಯಂತ್ರದಿಂದಲೂ ಕಲಿತೆ. ಉಳಿದುದನ್ನು ಕಲಿಸಿದ್ದು ಕಾಲೇಜಿನ ಪ್ರವಾಸ. ಕಳೆದ ಜನವರಿಯಲ್ಲಿ ನಾವು ದಿಲ್ಲಿ, ಆಗ್ರಾಗಳಿಗೆ ಹೋಗಿದ್ದೆವು. ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವರಿಗೆ ಅಂತಹ ಚಳಿಯ ಕಲ್ಪನೆಯೇ ಇರಲಿಲ್ಲ. ಜಾತ್ರೆಯಲ್ಲಿ ಕೊಂಡ ಜೀನ್ಸನ್ನು ಮೊತ್ತಮೊದಲು ತೊಟ್ಟಿದ್ದೆ. ಬೆಳಗಿನ ಐದು ಗಂಟೆಗೆ ರೈಲು ನಿಲ್ದಾಣದಲ್ಲಿ ಇಳಿದಾಗ ಎದುರಿನ ದೀಪವೇ ಮಂಜಿನಲ್ಲಿ ಮುಳುಗಿತ್ತು. ಸಹಪಾಠಿ ಹುಡುಗರೆಲ್ಲ ಮಣಿಕಟ್ಟಿನವರೆಗೆ ಕೈಗಳನ್ನು ಜೇಬಿಗಿಳಿಸಿ ನಿಂತರು. ನಾನೂ ಕೈಹಾಕಹೋದೆ. ಬೆರಳು ಹೋಗಲಿಲ್ಲ. ಜೇಬಿನ ಬಾಯಿಯಿತ್ತು, ಎರಡು ಸಾಲು ಹೊಲಿಗೆಯಿತ್ತು, ತಾಮ್ರದ ಗುಬ್ಬಿಯೂ ಇತ್ತು, ಒಳಗೆ ಚೀಲವಿರಲಿಲ್ಲ. ಅದು ಹುಸಿ ಜೇಬು. ಆ ಎರಡು ಸಾಲಿನ ಹೊಲಿಗೆ ನನಗೆ ಹೊಸದಲ್ಲ. ಅಂತಹವನ್ನು ಸಾವಿರಗಟ್ಟಲೆ ತಾಯಿ ಹೊಲಿಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೆ, ಎಷ್ಟೋ ರಾತ್ರಿ ದಾರ ಕತ್ತರಿಸಿಕೊಟ್ಟಿದ್ದೆ. ಅದೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಊರಿಗೆ ಬಂದವಳು ತಾಯಿಯನ್ನು ಕೇಳಿದೆ. "ಹೆಣ್ಮಕ್ಕಳ ಪ್ಯಾಂಟಿಗೆ ಹಂಗs ಹೊಲೀರಿ ಅಂದ್ರು, ಹೊಲಿದ್ವಿ. ಲಗೂನ ಮುಗೀತದ, ಕೂಲೀನೂ ಕಡಿಮಿ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಕೈ ಬಾಳ ತಣ್ಣಗಾಗಿದ್ವೇನು?" ಎಂದು ಕೇಳಿದಳು. ಅವಳನ್ನು ಹೇಗೆ ದೂರಲಿ? ನಕ್ಷೆ ಬರೆದವರು ಯಾರೋ, ಕೂಲಿ ಗೊತ್ತುಮಾಡಿದವರು ಯಾರೋ.

ಇದು ನನ್ನೊಬ್ಬಳ ಪಾಡಲ್ಲವೆಂದು ಬಳಿಕ ಓದಿ ತಿಳಿದೆ. ಅಮೆರಿಕದ 'ದಿ ಪುಡ್ಡಿಂಗ್' ಎಂಬ ಪ್ರಕಟಣೆಯವರು 2018ರಲ್ಲಿ 20 ಹೆಸರಾಂತ ಕಂಪನಿಗಳ ಜೀನ್ಸುಗಳನ್ನು ಅಳೆದರು. ಹೆಂಗಸರ ಮುಂಜೇಬು ಗಂಡಸರದಕ್ಕಿಂತ ಸರಾಸರಿ ನೂರಕ್ಕೆ 48ರಷ್ಟು ಗಿಡ್ಡ, 6.5ರಷ್ಟು ಇಕ್ಕಟ್ಟು. ಸೊಂಟದ ಅಳತೆ ಇಬ್ಬರದೂ ಒಂದೇ! ನಮ್ಮ ಅಜ್ಜಿಯ ಕಾಲದವರು ಸೊಂಟಕ್ಕೆ ಎಲೆಯಡಿಕೆಯ ಸಂಚಿ ಸಿಕ್ಕಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸ್ತ್ರೀಯರು ಲಂಗದೊಳಗೆ ಜೇಬಿನ ಚೀಲಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅವರಿಗಿದ್ದ ಸೌಕರ್ಯವನ್ನು ಇಂದಿನ ಹುಡುಗಿ ಕಳೆದುಕೊಂಡಳೆಂದರೆ, ಅದನ್ನು ಮುನ್ನಡೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಆದುದರಿಂದ ಸಹಪಾಠಿನಿಯರಲ್ಲಿ ನನ್ನ ಬಿನ್ನಹವಿಷ್ಟು. ಚಳಿಗಾಲಕ್ಕೆ ಜೀನ್ಸು ಕೊಳ್ಳುವಾಗ ಕನ್ನಡಿಯ ಮುಂದೆ ನಿಲ್ಲುವ ಮುನ್ನ ಒಳಮೈ ತಿರುವಿ ನೋಡಿರಿ. ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ದಪ್ಪವನ್ನು ಅಂದಾಜುಮಾಡಿರಿ. ತೊಟ್ಟು ಒಮ್ಮೆ ಕುಳಿತು, ಮೊಣಕಾಲಿನ ಬಳಿ ಬಟ್ಟೆಯನ್ನು ಚಿವುಟಿ ಎತ್ತಿ, ಒಳಗೊಂದು ಉಣ್ಣೆಯ ಪದರಕ್ಕೆ ಎಡೆಯಿದೆಯೇ ನೋಡಿರಿ. ಕೊನೆಗೆ ಜೇಬಿಗೆ ಕೈ ಹಾಕಿರಿ. ಗೆಣ್ಣುಗಳು ಹೊರಗುಳಿದರೆ ಅಂಗಡಿಯವನಿಗೆ ಅದನ್ನು ಬಾಯಿಬಿಟ್ಟು ಹೇಳಿರಿ. ಹತ್ತು ಮಂದಿ ಹೇಳಿದರೆ ಅವನು ಸಗಟು ವ್ಯಾಪಾರಿಗೆ ಹೇಳಿಯಾನು, ಆ ಮಾತು ಎಂದಾದರೊಂದು ದಿನ ನಮ್ಮ ಓಣಿಗೂ ಬಂದೀತು. ಜೇಬಿಗೆ ಚೀಲ ಬಂದರೆ ಹೊಲಿಯುವವರ ಕೂಲಿಯೂ ಅಷ್ಟು ಏರೀತೆಂಬ ಆಸೆ ನನಗುಂಟು.

ನನ್ನ ಜೀನ್ಸಿನ ಹುಸಿ ಜೇಬನ್ನು ತಾಯಿ ಮರುದಿನವೇ ಬಿಚ್ಚಿ, ಹಳೆಯ ಸೀರೆಯ ಸೆರಗಿನಿಂದ ಎರಡು ಚೀಲ ಹೊಲಿದು ಕೂಡಿಸಿದಳು. ಆ ಕೆಲಸಕ್ಕೆ ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಕೂಲಿಯ ಕಟ್ಟು ಪಕ್ಕದಲ್ಲಿ ಕಾದಿತ್ತು.