ಮಕ್ಕಳ ಉಡುಪು ಮತ್ತು ಪಾದರಕ್ಷೆ: ಹಿತಕರ ವಸ್ತುವಿನ ಆಯ್ಕೆ

ಮಕ್ಕಳ ಉಡುಪು ಮತ್ತು ಪಾದರಕ್ಷೆಗಳ ವ್ಯಾಪಾರದಲ್ಲಿ ಹಣ ಕೊಡುವವರು ಬೇರೆ, ತೊಡುವವರು ಬೇರೆ. ಪೋಷಕರ ಕಣ್ಣಿಗೆ ಒಪ್ಪಿದ ಬಟ್ಟೆಯನ್ನು ದಿನವಿಡೀ ಮೈಮೇಲೆ ಹೊರುವುದು ಮಗು. ಕೂಸು ಅತ್ತರೆ ಹಸಿವೆಂದು ಭಾವಿಸಲಾಗುತ್ತದೆ; ಕುತ್ತಿಗೆಯ ಹಿಂದಿನ ಲೇಬಲ್ ಚುಚ್ಚುತ್ತಿದೆ ಎಂದು ಅದು ಹೇಳಲಾರದು. ಆದ್ದರಿಂದ ಮಗುವಿನ ಹಿತ ನಿರ್ಧಾರವಾಗುವುದು ಅಂಗಡಿಯ ಕೌಂಟರಿನಲ್ಲಿ ಅಲ್ಲ. ತಯಾರಕರು ಬಟ್ಟೆಯ ಥಾನನ್ನು ಆರಿಸುವಾಗ, ವರ್ತಕರು ಸಗಟು ಆರ್ಡರ್ ಬರೆಯುವಾಗಲೇ ಅದು ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಬಟ್ಟೆಯ ವಿಷಯದಲ್ಲಿ ಮೊದಲು ವಿಚಾರಿಸಬೇಕಾದುದು ಬೆವರಿನ ಸಂಗತಿ. ನೂಲು ಎಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಜವಳಿ ಉದ್ಯಮದಲ್ಲಿ ಮಾನ್ಯವಾದ ಅಳತೆಯಿದೆ. ಪ್ರಮಾಣಿತ ಸ್ಥಿತಿಯಲ್ಲಿ ಹತ್ತಿಯು ತನ್ನ ಒಣತೂಕದ ಸುಮಾರು ಶೇ. 8.5ರಷ್ಟು, ರೇಷ್ಮೆಯು ಶೇ. 11ರಷ್ಟು, ವಿಸ್ಕೋಸ್ ಶೇ. 13ರ ಆಸುಪಾಸಿನಷ್ಟು ತೇವವನ್ನು ಹೀರಿಕೊಳ್ಳುತ್ತವೆ. ಪಾಲಿಯೆಸ್ಟರಿನ ಪಾಲು ಶೇ. 0.4 ಮಾತ್ರ. ಬಿಗಿಯಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯೊಳಗೆ ಬೆವರು ಚರ್ಮದ ಮೇಲೆಯೇ ನಿಲ್ಲುತ್ತದೆ. ಬೆವರಿನ ನಾಳಗಳು ಕಟ್ಟಿಕೊಂಡು ಕುತ್ತಿಗೆ, ಬೆನ್ನು, ಕಂಕುಳಲ್ಲಿ ಬೆವರುಸಾಲೆ ಏಳುತ್ತದೆ.

ಹಸುಗೂಸುಗಳಿಗೆ ಹಳೆಯ ಪಂಚೆ, ಹಳೆಯ ನೂಲಿನ ಸೀರೆಯ ತುಂಡುಗಳನ್ನೇ ಬಳಸುತ್ತಿದ್ದ ಅಜ್ಜಿಯರ ಪದ್ಧತಿಯಲ್ಲಿ ಬಡತನಕ್ಕಿಂತ ಬುದ್ಧಿವಂತಿಕೆಯೇ ಹೆಚ್ಚು. ಹತ್ತಾರು ಬಾರಿ ಒಗೆದ ಬಟ್ಟೆಯಲ್ಲಿ ಗಂಜಿಯೂ ಉಳಿದಿರುವುದಿಲ್ಲ, ಹೆಚ್ಚುವರಿ ಬಣ್ಣವೂ ಉಳಿದಿರುವುದಿಲ್ಲ. ಇಂದಿನ ತಯಾರಕರು ಇದಕ್ಕೆ ಸಮನಾದುದನ್ನು ಕೊಡಬೇಕಾದರೆ ಬಾಚಿದ ಹತ್ತಿನೂಲಿನ ಹೊಸೈರಿ ಬಟ್ಟೆ, ತಿಳಿಬಣ್ಣ, ಹೊಲಿಗೆಯ ಅಂಚು ಹೊರಗೆ ಬರುವ ವಿನ್ಯಾಸಗಳನ್ನು ಆರಿಸಿಕೊಳ್ಳಬೇಕು. ಹೊಲಿದ ಲೇಬಲಿಗೆ ಬದಲಾಗಿ ಬಟ್ಟೆಯ ಮೇಲೆಯೇ ಅಚ್ಚು ಹಾಕಬೇಕು. ಕುಲಾವಿಗೂ ಅಂಗಿಗೂ ಕುತ್ತಿಗೆಯ ಸುತ್ತ ಉದ್ದನೆಯ ದಾರ ಬೇಡ. ಅದು ಸಿಕ್ಕಿಹಾಕಿಕೊಂಡು ಉಸಿರು ಕಟ್ಟುವ ಅಪಾಯವಿರುವುದರಿಂದ ಅಮೆರಿಕ ಮತ್ತು ಯುರೋಪಿನ ಸುರಕ್ಷತಾ ಮಾನದಂಡಗಳು ಎಳೆಯ ಮಕ್ಕಳ ಮೇಲುಡುಪುಗಳಲ್ಲಿ ಅಂತಹ ದಾರಗಳನ್ನು ಒಪ್ಪುವುದಿಲ್ಲ. ರಫ್ತಿನ ಉದ್ದೇಶವಿಲ್ಲದವರೂ ಇದನ್ನು ಪಾಲಿಸಬಹುದು, ಖರ್ಚೇನೂ ಬೀಳದು.

ಹಬ್ಬದ ನೈಲಾನ್ ನೆಟ್ಟಿನ ಫ್ರಾಕುಗಳ ಬೇಡಿಕೆಯನ್ನು ಯಾವ ವರ್ತಕರೂ ಅಲಕ್ಷಿಸಲಾರರು. ಅವುಗಳಿಗೆ ಹತ್ತಿಯ ಪೂರ್ಣ ಒಳಪದರವಿರಲಿ ಎಂಬುದಷ್ಟೇ ವಿವೇಕದ ಮಾತು. ಕೃತಕ ನೂಲು ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಬೇಗನೆ ಹತ್ತುತ್ತದೆ ಎಂಬುದನ್ನು ಮರೆಯುವಂತಿಲ್ಲ. ದೀಪಾವಳಿಯಲ್ಲಿ ಹರಡಿದ ನೆರಿಗೆಯ ಉಡುಪು ಯಾವ ನೂಲಿನದಾದರೂ ಪಟಾಕಿಯ ಬಳಿಗೆ ತಕ್ಕುದಲ್ಲ.

ಶಾಲಾ ಸಮವಸ್ತ್ರದ ಪ್ರಶ್ನೆ ಇನ್ನೂ ಜಟಿಲ. ಪಾಲಿಯೆಸ್ಟರ್ ಶೇ. 67, ಹತ್ತಿ ಶೇ. 33ರ ಮಿಶ್ರಣವು ಮಾರುಕಟ್ಟೆಯಲ್ಲಿ ಬೇರೂರಿರುವುದು ಸಕಾರಣವಾಗಿಯೇ. ಅದು ಸುಕ್ಕಾಗದು, ಬಣ್ಣ ಬಿಡದು, ಬೇಗ ಒಣಗುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಆದರೆ ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಅದೇ ಬಟ್ಟೆ ಮಗುವಿಗೆ ಶಿಕ್ಷೆಯಾಗುತ್ತದೆ. ಇತ್ತ ಆಗುಂಬೆ, ಮಡಿಕೇರಿಗಳ ಕಡೆ ಶಾಲೆ ಆರಂಭವಾಗುವುದೇ ಮಳೆಗಾಲದೊಂದಿಗೆ. ದಪ್ಪನೆಯ ಅಪ್ಪಟ ಹತ್ತಿಯ ಅಂಗಿ ಅಲ್ಲಿ ರಾತ್ರಿಯೊಳಗೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒಂದೇ ಥಾನನ್ನು ಇಡೀ ರಾಜ್ಯಕ್ಕೆ ಸರಬರಾಜು ಮಾಡುವ ಅಭ್ಯಾಸವೇ ಇಲ್ಲಿನ ಮೂಲ ದೋಷ. ಬಯಲುಸೀಮೆಗೆ ಹತ್ತಿಯ ಪಾಲು ಅಧಿಕವಾಗಿರುವ ತೆಳು ಅಂಗಿಬಟ್ಟೆ, ಮಲೆನಾಡಿಗೆ ಸಮಪಾಲಿನ ಮಿಶ್ರಣ ಎಂದು ವಿಂಗಡಿಸುವುದು ಕಷ್ಟವೇನಲ್ಲ. ಪ್ಯಾಂಟು ಮತ್ತು ಲಂಗ ಮಿಶ್ರ ನೂಲಿನವಾದರೂ ನಡೆದೀತು. ಬೆನ್ನು, ಕಂಕುಳಿಗೆ ತಾಗುವ ಅಂಗಿಯಲ್ಲಿ ಮಾತ್ರ ರಾಜಿ ಸಲ್ಲದು.

ಸರಬರಾಜುದಾರರ ಮಾತನ್ನೇ ನಂಬಬೇಕಿಲ್ಲ. ಥಾನಿನ ಅಂಚಿನಿಂದ ನಾಲ್ಕು ಎಳೆ ತೆಗೆದು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ; ಪಾಲಿಯೆಸ್ಟರ್ ಕಪ್ಪುಹೊಗೆ ಬಿಟ್ಟು, ಕುಗ್ಗಿ, ಗಟ್ಟಿಯಾದ ಮಣಿಯಾಗುತ್ತದೆ. ಮಿಶ್ರಣದಲ್ಲಿ ಎರಡೂ ಲಕ್ಷಣ ಕಾಣುವುದಾದರೂ ಪ್ರಮಾಣ ತಿಳಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ಮಾದರಿ ತುಂಡನ್ನು ಅಳೆದು, ಮೂರು ಬಾರಿ ಒಗೆದು, ಮತ್ತೆ ಅಳೆದರೆ ಕುಗ್ಗುವಿಕೆಯ ನಿಜಾಂಶ ಹೊರಬೀಳುತ್ತದೆ. ಬಣ್ಣದ ಬಗೆಗೂ ಲಿಖಿತ ಭರವಸೆ ಪಡೆಯುವುದು ಒಳಿತು. ಹಾನಿಕಾರಕ ಬೆಂಜಿಡೀನ್ ಮತ್ತು ಅಜೋ ವರ್ಗದ 112 ಬಣ್ಣಗಳನ್ನು ಭಾರತದಲ್ಲಿ 1990ರ ದಶಕದಲ್ಲೇ ನಿಷೇಧಿಸಲಾಗಿದೆ.

ಪಾದರಕ್ಷೆಯ ವಿಷಯಕ್ಕೆ ಬಂದರೆ ಹೊಣೆ ಮತ್ತಷ್ಟು ಹೆಚ್ಚು. ಬಟ್ಟೆ ಹಿಡಿಸದಿದ್ದರೆ ಬಿಚ್ಚಿಡಬಹುದು. ಬೆಳೆಯುವ ಪಾದ ಬೂಟಿನ ಆಕಾರಕ್ಕೆ ಒಗ್ಗಿಕೊಂಡುಬಿಡುತ್ತದೆ. ಮಗುವಿನ ಪಾದದ ಮೂಳೆಗಳು ಬಹುಕಾಲ ಎಳೆಯವಾಗಿಯೇ ಇರುವುದರಿಂದ ಬೆರಳು ಮಡಿಸಿಕೊಂಡೇ ಮಗು ಓಡಾಡುತ್ತದೆ, ದೂರು ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಕೊನೆಯಿಂದ 2022ರವರೆಗೆ ದೇಶವ್ಯಾಪಿಯಾಗಿ ಪಾದಗಳನ್ನು ಅಳೆದಾಗ ಭಾರತೀಯರ ಪಾದ ಯುರೋಪಿಯನ್ನರ ಪಾದಕ್ಕಿಂತ ಅಗಲವೆಂಬುದು ಕಂಡುಬಂದಿತು. ವಿದೇಶಿ ಅಚ್ಚಿನ ಮೇಲೆ ತಯಾರಾದ ಚೂಪುಮೂತಿಯ ಬೂಟು ಮಕ್ಕಳಿಗೆ ಏಕೆ ಬಿಗಿ ಎಂಬುದು ಇದರಿಂದ ತಿಳಿಯುತ್ತದೆ.

ಅಗ್ಗದ ಕಪ್ಪು ಶಾಲಾಬೂಟುಗಳಲ್ಲಿ ಬಹುಪಾಲು ಪಿವಿಸಿಯವು. ನೀರಿಗೆ ಅಂಜವು, ಒರೆಸಿದರೆ ಹೊಳೆಯುತ್ತವೆ. ಆದರೆ ಗಾಳಿ ಆಡದು. ಒಳಗೆ ಬಟ್ಟೆಯ ಅಸ್ತರಿ, ತೆಗೆದು ಒಣಗಿಸಬಹುದಾದ ಒಳಹಾಸು, ಬೆರಳಿನ ಭಾಗದಲ್ಲಿ ಸುಲಭವಾಗಿ ಬಾಗುವ ಅಟ್ಟೆ ಇದ್ದರೆ ಅದೇ ಬೂಟು ಸಹ್ಯವಾಗುತ್ತದೆ. ಚರ್ಮ ಉಸಿರಾಡುತ್ತದೆಯಾದರೂ ಜಡಿಮಳೆಯಲ್ಲಿ ನೆನೆದರೆ ಒಣಗಲು ದಿನ ಹಿಡಿಯುತ್ತದೆ. ಕರಾವಳಿ, ಮಲೆನಾಡುಗಳಿಗೆ ಹಿಂಬದಿ ಪಟ್ಟಿಯ ಸ್ಯಾಂಡಲ್ಲೇ ಮೇಲು. ಸರ್ಕಾರಿ ಶಾಲೆಗಳ ಉಚಿತ ಬೂಟಿನ ಖರೀದಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮೂಲಕ ನಡೆಯುವುದರಿಂದ ಸ್ಥಳೀಯ ವರ್ತಕರು ಈ ಆಯ್ಕೆಯನ್ನು ಸಮಿತಿಯ ಮುಂದಿಡಲು ಅವಕಾಶವಿದೆ. ಕಾಲುಚೀಲ ಅಪ್ಪಟ ನೈಲಾನಿನದಾಗಿದ್ದರೆ ಒಳ್ಳೆಯ ಬೂಟೂ ವ್ಯರ್ಥ. ಹತ್ತಿಯೇ ಪ್ರಧಾನವಾಗಿದ್ದು, ಜಾರದಿರಲು ಸ್ವಲ್ಪವೇ ನೈಲಾನ್ ಸೇರಿದ್ದರೆ ಸಾಕು.

ಅಳತೆಯನ್ನು ಸಂಜೆಯ ವೇಳೆ, ಮಗುವನ್ನು ನಿಲ್ಲಿಸಿ, ಎರಡೂ ಪಾದಗಳಿಗೆ ತೆಗೆದುಕೊಂಡು, ದೊಡ್ಡ ಪಾದಕ್ಕೆ ಹೊಂದುವುದನ್ನು ಕೊಡತಕ್ಕದ್ದು. ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿಯಬೇಕು. "ಮುಂದಿನ ವರ್ಷಕ್ಕೂ ಆಗಲಿ" ಎಂದು ಎರಡು ಅಳತೆ ದೊಡ್ಡದನ್ನು ಕೇಳುವ ಪೋಷಕರಿಗೆ ಇಲ್ಲವೆನ್ನುವುದು ವ್ಯಾಪಾರಿಗೆ ಸುಲಭವಲ್ಲ. ಹಿಮ್ಮಡಿ ಜಾರಿ ಬೊಬ್ಬೆಯೇಳುವುದನ್ನು ವಿವರಿಸಿ, ತುಸು ಕಡಿಮೆ ಬೆಲೆಯ ಸರಿಯಾದ ಅಳತೆಯ ಜೋಡಿಯನ್ನು ತೋರಿಸುವ ಅಂಗಡಿಗೆ ಅದೇ ಗ್ರಾಹಕರು ಆರು ತಿಂಗಳಲ್ಲಿ ಮರಳಿ ಬರುತ್ತಾರೆ. ಜೋಡಿಯೊಂದಕ್ಕೆ 2,500 ರೂಪಾಯಿವರೆಗಿನ ಪಾದರಕ್ಷೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಅದಕ್ಕೆ ಮುನ್ನ 1,000 ರೂಪಾಯಿ ದಾಟಿದ ಬೂಟಿಗೆ ಶೇ. 18ರ ತೆರಿಗೆಯಿತ್ತು. ಉತ್ತಮ ಅಸ್ತರಿಯ ಬೂಟನ್ನು ದಾಸ್ತಾನು ಮಾಡಲು ಹಿಂಜರಿಯುತ್ತಿದ್ದ ವರ್ತಕರು ಬರುವ ಶಾಲಾ ಹಂಗಾಮಿನ ಆರ್ಡರ್ ಬರೆಯುವ ಮೊದಲು ಈ ಲೆಕ್ಕವನ್ನು ಹೊಸದಾಗಿ ಹಾಕಿ ನೋಡಬಹುದು.