ಕೈಗೆ ಬರುವ ವಯಸ್ಸು: ಹದಿನೆಂಟರ ಆಚೆಗಿನ ಸೂತ್ರಗಳು

‘ಮಗ ಕೈಗೆ ಬಂದ’ ಎನ್ನುತ್ತೇವೆ. ಯಾವತ್ತು ಬಂದ ಎಂದು ಕೇಳಿ ನೋಡಿ, ಯಾರೂ ತಾರೀಖು ಹೇಳಲಾರರು. (ಮಗಳ ಬಗ್ಗೆ ಹಾಗೆ ಹೇಳುವುದೇ ಅಪರೂಪ. ಅವಳು ‘ದೊಡ್ಡವಳಾದಳು’ ಅಂದುಬಿಡುತ್ತೇವೆ, ಅದರ ಅರ್ಥವೇ ಬೇರೆ. ಅವಳ ಸಂಬಳದಲ್ಲೇ ನಡೆಯುವ ಮನೆಗಳು ಎಷ್ಟಿಲ್ಲ!) ಕಾನೂನು ಕೂಡ ಈ ಪದವಿಯನ್ನು ಕಂತಿನಲ್ಲೇ ಕೊಡುತ್ತದೆ: 18ಕ್ಕೆ ಓಟು, 21ಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲುವ ಹಕ್ಕು, 25ಕ್ಕೆ ವಿಧಾನಸಭೆಗೆ. ಕೇಕ್ ಕತ್ತರಿಸಿದ ರಾತ್ರಿ ಯಾರೂ ದೊಡ್ಡವರಾಗುವುದಿಲ್ಲ. ಅಪ್ಪ ಅಮ್ಮ ಮಾಡುತ್ತಿದ್ದ ಕೆಲಸ ಒಂದೊಂದಾಗಿ ನಮ್ಮ ಕೈಗೆ ದಾಟಿದಾಗಲೇ ಆ ಬದಲಾವಣೆ ಆಗುವುದು. ಯಾವ ಕೆಲಸಗಳು? ನನಗೆ ತೋಚಿದ ಕ್ರಮದಲ್ಲಿ ಬರೆಯುತ್ತೇನೆ.

1. ಮೊದಲು ಹೆಸರು ರಿಪೇರಿ ಮಾಡಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’ ಆಧಾರ್‌ನಲ್ಲಿ ಬರೀ ‘ಮಂಜುನಾಥ’. ಪ್ಯಾನ್ ಕಾರ್ಡಿನಲ್ಲಿ ಕೆ ಬಿಡಿಸಿ ಊರ ಹೆಸರು, ಎಸ್ ಬಿಡಿಸಿ ಅಪ್ಪನ ಹೆಸರು. ಒಬ್ಬ ಹುಡುಗ, ಮೂರು ಮಂಜುನಾಥರು. ಇದು ನಮ್ಮ ಕಡೆಯವರಿಗೇ ಅಂಟಿದ ತಾಪತ್ರಯ. ಪಾಟೀಲ, ಹಿರೇಮಠರಿಗೆ ಅಡ್ಡಹೆಸರಿನ ಅನುಕೂಲ ಉಂಟು. ಹಳೆ ಮೈಸೂರಿನವರ ಇನಿಷಿಯಲ್ಲುಗಳು ಮಾತ್ರ ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಖಾನೆಯ ಮುಂದೆ ಬಂದು ತಬ್ಬಿಬ್ಬಾಗಿ ನಿಲ್ಲುತ್ತವೆ.

ಜನ್ಮದಿನಾಂಕಕ್ಕೂ ಹೆಸರಿಗೂ ಬಹಳ ಕಡೆ ಕೇಳುವುದು ಹತ್ತನೇ ತರಗತಿಯ ಅಂಕಪಟ್ಟಿಯನ್ನೇ. ಆದ್ದರಿಂದ ಅದನ್ನೇ ತಾಯಿಬೇರು ಅಂದುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಮನೆಯಲ್ಲಿ ಹತ್ತನೇ ತರಗತಿಯ ತಮ್ಮನೋ ತಂಗಿಯೋ ಇದ್ದರೆ, ಪರೀಕ್ಷೆಯ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಅವತ್ತಿನ ಹತ್ತು ನಿಮಿಷ ಮುಂದೆ ಹತ್ತು ಅಫಿಡವಿಟ್ ಉಳಿಸುತ್ತದೆ. 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಫೋಟೊಗಳನ್ನು ಹೊಸದಾಗಿ ಕೊಡುವುದು ಕಡ್ಡಾಯ. ಎಷ್ಟೋ ಮಂದಿಗೆ ಇದು ನೆನಪಾಗುವುದು ಬೆರಳಚ್ಚು ಹೊಂದುತ್ತಿಲ್ಲ ಎಂದು ಎಲ್ಲೋ ವಾಪಸ್ ಕಳಿಸಿದಾಗ.

2. ಸಹಿ ಸರಳವಾಗಿರಲಿ

ಅಪ್ರಾಪ್ತರ ಬ್ಯಾಂಕ್ ಖಾತೆಯ ಮೇಲೆ ಪೋಷಕರಿಗಿದ್ದ ಅಧಿಕಾರ 18ಕ್ಕೆ ಮುಗಿಯುತ್ತದೆ. ನೀವೇ ಹೋಗಿ ಹೊಸ ಮಾದರಿ ಸಹಿ, ಕೆವೈಸಿ ಕೊಡಬೇಕು. ಕಾಲೇಜಿನಲ್ಲಿ ನಾನು ನವಿಲು ಗರಿಬಿಚ್ಚಿದಂಥ ಸಹಿ ರೂಢಿಸಿಕೊಂಡಿದ್ದೆ. ಮೂವತ್ತಾಗುವ ಹೊತ್ತಿಗೆ ಗರಿ ಉದುರಿತ್ತು, ಚೆಕ್ ವಾಪಸ್ ಬಂತು. ಕನ್ನಡದಲ್ಲಿ ಸಹಿ ಮಾಡಬಹುದು, ಸಂಕೋಚ ಬೇಡ. ಹಾಂ, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ಓಟಿಪಿ ಇನ್ನೂ ಅಪ್ಪನ ಫೋನಿಗೆ ಹೋಗುತ್ತಿದ್ದರೆ ನೀವು ಇನ್ನೂ ಹದಿನೇಳರಲ್ಲೇ ಇದ್ದೀರಿ.

3. ಜಾಮೀನು ಹಾಕುವ ಮೊದಲು ಒಂದು ರಾತ್ರಿ ನಿದ್ದೆ ಮಾಡಿ

18 ತುಂಬುವ ಮುಂಚೆ ನೀವು ಬರೆದುಕೊಟ್ಟ ಕರಾರು ಕಾನೂನಿನ ಕಣ್ಣಿಗೆ ಬರೀ ಕಾಗದ. ಕಲ್ಕತ್ತೆಯ ಒಂದು ಅಡಮಾನದ ಮೊಕದ್ದಮೆಯಲ್ಲಿ ಪ್ರೀವಿ ಕೌನ್ಸಿಲ್ 1903ರಲ್ಲೇ ಹಾಗೆ ತೀರ್ಪು ಕೊಟ್ಟಿದೆ. 18 ತುಂಬಿದ ಮೇಲೆ ಅದೇ ಸಹಿಗೆ ಹಲ್ಲು ಬರುತ್ತದೆ, ಮತ್ತು ಅದು ಕಚ್ಚುವುದು ನಿಮ್ಮನ್ನೇ.

ರೂಮ್‌ಮೇಟ್ ಬೈಕಿಗೆ ಸಾಲ ತೆಗೆಯುತ್ತಾನೆ, ‘ಬರೀ ಫಾರ್ಮಾಲಿಟಿ ಮಗಾ, ಒಂದು ಸೈನ್ ಹಾಕು’ ಅನ್ನುತ್ತಾನೆ. ಫಾರ್ಮಾಲಿಟಿ ಅಲ್ಲ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಅವನು ಕಂತು ತಪ್ಪಿಸಿದರೆ ಬ್ಯಾಂಕು ಮೊದಲು ಅವನ ಮನೆಗೇ ಹೋಗಿ ಆಮೇಲೆ ನಿಮ್ಮಲ್ಲಿಗೆ ಬರಬೇಕೆಂಬ ನಿಯಮವೇನೂ ಇಲ್ಲ. ಅವನ ಬಾಕಿ ನಿಮ್ಮ ಸಿಬಿಲ್ ಲೆಕ್ಕದಲ್ಲೂ ಕಾಣಿಸಿಕೊಳ್ಳಬಹುದು. ಆ ಅಂಕ 300ರಿಂದ 900ರವರೆಗೆ ಇರುತ್ತದೆ, ನಾಳೆ ನಿಮ್ಮ ಮನೆಸಾಲಕ್ಕೆ ನೋಡುವುದೂ ಅದನ್ನೇ. ಇಲ್ಲ ಅನ್ನಲು ಬಾಯಿ ಬರದಿದ್ದರೆ ‘ಮನೇಲಿ ಕೇಳಿ ಹೇಳ್ತೀನಿ’ ಅನ್ನಿ. ಈ ಒಂದು ವಿಷಯದಲ್ಲಿ ಚಿಕ್ಕವರ ಹಾಗೆ ಆಡಿದರೂ ತಪ್ಪಿಲ್ಲ.

4. ಓಟರ್ ಪಟ್ಟಿಗೆ ಸೇರಿ

1989ರವರೆಗೆ ಓಟಿನ ವಯಸ್ಸು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ತಾರೀಖು. 17 ದಾಟಿದವರು ಫಾರ್ಮ್ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಚುನಾವಣೆ ಘೋಷಣೆಯಾದ ಮೇಲೆ ಓಡಾಡಬೇಡಿ.

5. ಅಣ್ಣನ ಬೈಕ್ ಮುಟ್ಟಬೇಡಿ

ಲೈಸೆನ್ಸ್ ಕೈಗೆ ಬರುವವರೆಗೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯಿಂದ ಬಂದ ಕಾನೂನು ಇದು.

6. ಅನ್ನ, ಸಾರು, ಒಂದು ಪಲ್ಯ

ಇಷ್ಟು ಬಂದರೆ ಪಿಜಿ ಊಟ ಕೈಕೊಟ್ಟ ದಿನ ಬದುಕಬಹುದು. ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

7. ಮನಸ್ಸು ಕುಸಿದಾಗ 14416

ಮನೆ ಬಿಟ್ಟ ಮೊದಲ ವರ್ಷ ಕಷ್ಟದ್ದು. ‘ಏನಿಲ್ಲಮ್ಮ, ಆರಾಮ’ ಎಂದು ಫೋನಿನಲ್ಲಿ ಹೇಳಿ ಬಾತ್‌ರೂಮಿನಲ್ಲಿ ಅಳುವವರು ನೀವೊಬ್ಬರೇ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

8. ಬೀರು ತೆಗೆಸಿ

ಇದಕ್ಕೆ ಧೈರ್ಯ ಬೇಕು. ಎಲ್‌ಐಸಿ ಪಾಲಿಸಿ ಎಷ್ಟಿವೆ, ಪಹಣಿ ಯಾರ ಹೆಸರಲ್ಲಿದೆ, ಮನೆಯ ಖಾತೆ ಎಲ್ಲಿದೆ, ಸೊಸೈಟಿಯಲ್ಲಿ ಸಾಲ ಉಳಿದಿದೆಯೇ, ನಾಮಿನಿ ಯಾರು – ನಮ್ಮ ಬಹಳ ಮನೆಗಳಲ್ಲಿ ಇದೆಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ನೇರವಾಗಿ ಕೇಳಿದರೆ ‘ಯಾಕೆ, ಈಗಲೇ ಪಾಲು ಬೇಕಾ?’ ಅನ್ನಿಸಿಕೊಳ್ಳುತ್ತೀರಿ. ಹಾಗಾಗಿ ಆಸ್ತಿಯಿಂದ ಶುರು ಮಾಡಬೇಡಿ, ಬಾಕಿಯಿಂದ ಶುರು ಮಾಡಿ. ‘ಈ ಸಲ ಪ್ರೀಮಿಯಂ ನಾನು ಕಟ್ಟಲಾ ಅಪ್ಪ?’ ಎಂದರೆ ಬೀರುವಿನ ಬಾಗಿಲು ತಾನಾಗಿ ತೆರೆಯುತ್ತದೆ. ನಮ್ಮ ಮನೆಯಲ್ಲಿ ತೆರೆದದ್ದು ಹಾಗೆಯೇ. ಹಳೆಯ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ರಸೀದಿಗಳ ಕಂತೆ, ನಾಮಿನಿ ಕಾಲಂನಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿದ್ದ ನನ್ನ ಅಜ್ಜಿಯ ಹೆಸರು. ಅದನ್ನು ಬದಲಿಸಲು ಒಂದೇ ಫಾರ್ಮ್ ಸಾಕಾಯಿತು. ಅಪ್ಪ ಸಹಿ ಹಾಕುವ ಮುಂಚೆ ಆ ಹೆಸರನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದರು.

9. ಊರಿಗೆ ನೆಂಟರಾಗಿ ಹೋಗಬೇಡಿ

ಹಬ್ಬಕ್ಕೆ ಹೋದವರು ಮಲಗಿ, ತಿಂದು, ಚಕ್ಕುಲಿ ಡಬ್ಬಿ ಹಿಡಿದು ರಾತ್ರಿ ಬಸ್ ಹತ್ತುವುದು ರೂಢಿ. ಒಂದು ದಿನ ಅಪ್ಪ ಫೋನ್ ಹಿಡಿದು ಬಂದು ‘ಇದೇನೋ, ಕರೆಂಟ್ ಬಿಲ್ ಕಟ್ಟೋಕೆ ಆಗ್ತಿಲ್ಲ, ನೋಡು’ ಅನ್ನುತ್ತಾರೆ. ಫೋನ್ ಕಸಿದುಕೊಂಡು ಎರಡೇ ನಿಮಿಷದಲ್ಲಿ ಕಟ್ಟಿ ವಾಪಸ್ ಕೊಡಬೇಡಿ. ಸೈಕಲ್ ಕಲಿಸುವಾಗ ಅವರು ಹಿಂದಿನ ಸೀಟು ಹಿಡಿದು ಎಷ್ಟು ಸುತ್ತು ಓಡಿದ್ದರೋ, ಅಷ್ಟು ಸಲ ತೋರಿಸಿ. ಗುಂಡಿ ಒತ್ತುವವರು ಅವರೇ ಆಗಲಿ.