ಚಳಿಗಾಲದಲ್ಲಿ ಕುದುರೆಗೆ ಮರುಪಾಠ

ಸವಾರಿಯ ಕುದುರೆಯನ್ನು ಹದಗೊಳಿಸುವ ಜರ್ಮನಿಯ ಡ್ರೆಸ್ಸಾಜ್ ತರಬೇತಿಗೆ ಆರು ಮೆಟ್ಟಿಲು. ರೇಸು ಬಿಟ್ಟು ಬಂದ ಕುದುರೆಗೆ ಚಳಿಗಾಲವಿಡೀ ಮೊದಲ ಮೂರೇ ಸಾಕು: ಲಯ, ಬಿಗಿಯಿಲ್ಲದ ಮೈ, ಲಗಾಮಿನೊಡನೆ ಹದವಾದ ಸಂಪರ್ಕ. ಚಳಿಗೆ ಸ್ನಾಯುಗಳು ಸಡಿಲಗೊಳ್ಳಲು ಹೊತ್ತು ಹಿಡಿಯುತ್ತದೆ. ಮೊದಲ 10–15 ನಿಮಿಷ ಲಗಾಮು ಸಡಿಲಬಿಟ್ಟು ಬರೀ ನಡೆಸಬೇಕು. ಆಮೇಲೆ 20 ಮೀಟರ್ ವ್ಯಾಸದ ವೃತ್ತದಲ್ಲಿ ಟ್ರಾಟ್ (ಕುಕ್ಕುಲೋಟ). ಲಗಾಮು ಬಿಗಿಯಾದರೆ ಓಡಬೇಕೆಂದೇ ರೇಸಿನ ಕುದುರೆ ಸಾಮಾನ್ಯವಾಗಿ ತಿಳಿಯುತ್ತದೆ. ಹಾಗಾಗಿ ಅದು ಧಾವಿಸಿದಾಗ ಬಾಯಿ ಜಗ್ಗಬಾರದು. ವೃತ್ತವನ್ನು ಕೊಂಚ ಕಿರಿದುಮಾಡಿ, ಸವಾರ ಜೀನಿನ ಮೇಲೆ ಎದ್ದು ಕೂರುವ ಲಯವನ್ನು ನಿಧಾನಿಸಿದರೆ ಕುದುರೆಯೂ ನಿಧಾನಿಸುತ್ತದೆ. ಅದು ತಾನಾಗಿ ಕತ್ತು ಚಾಚಿ, ಮೂಗು ಇಳಿಸಿ, ಬೆನ್ನು ತೂಗುತ್ತ ನಡೆದರೆ ಪಾಠ ಹತ್ತಿದೆ ಎಂದರ್ಥ. ಬಲವಂತದಿಂದ ಬಾಗಿಸಿದ ಕತ್ತು ನೋಟಕ್ಕಷ್ಟೇ ಚೆಂದ. ದಿನಕ್ಕೆ ಅರ್ಧ ಗಂಟೆ ಧಾರಾಳ. ಬೆವರಿದ ಕುದುರೆಯನ್ನು ಕಂಬಳಿ ಹೊದಿಸದೆ ಲಾಯಕ್ಕೆ ಕಟ್ಟಬಾರದು.